ಹೆಸರಿಟ್ಟ ಮಾತ್ರಕ್ಕೆ ಅಲಂಕಾರ ತಿಳಿಯಿತೆ?

ಕನ್ನಡ ಶಾಲೆಯಲ್ಲಿ ಓದಿದ ಯಾರನ್ನಾದರೂ ನಿಲ್ಲಿಸಿ, ಉಪಮಾಲಂಕಾರ ಎಂದರೇನು ಎಂದು ಕೇಳಿ ನೋಡಿ. ಮುಖ ಉಪಮೇಯ, ಕಮಲ ಉಪಮಾನ, ‘ಅಂತೆ’ ಉಪಮಾವಾಚಕ, ಅರಳುವುದು ಸಮಾನಧರ್ಮ ಎಂದು ಅವರು ಒಂದೇ ಉಸಿರಿಗೆ ಹೇಳುತ್ತಾರೆ. ಶಾಲೆ ಬಿಟ್ಟು ಇಪ್ಪತ್ತು ವರ್ಷ ಕಳೆದಿದ್ದರೂ ಈ ನಾಲ್ಕು ಪದಗಳು ಮರೆತಿರುವುದಿಲ್ಲ. ಆ ಮುಖ ಅರಳಿದ್ದು ಯಾರನ್ನು ಕಂಡು, ಅದಕ್ಕೆ ಮೊದಲು ಅದು ಏಕೆ ಬಾಡಿತ್ತು, ಕವಿ ಕಮಲವನ್ನೇ ಏಕೆ ತಂದ ಎಂದು ಮುಂದುವರಿದು ಕೇಳಿದರೆ ಮಾತ್ರ ಅವರು ನಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. ತಪ್ಪು ಅವರದಲ್ಲ. ಹತ್ತು ವರ್ಷದ ಶಾಲಾ ಶಿಕ್ಷಣದಲ್ಲಿ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ.

ಪದವಿ ತರಗತಿಗಳಲ್ಲಿ ಹಳಗನ್ನಡ, ನಡುಗನ್ನಡ ಕಾವ್ಯಗಳನ್ನು ಪಾಠ ಮಾಡುತ್ತ ಬಂದ ನನಗೆ ಈಗ ಒಂದು ಮಾತನ್ನು ಕಟುವಾಗಿಯೇ ಹೇಳಬೇಕೆನಿಸುತ್ತದೆ. ನಮ್ಮ ಶಾಲೆಗಳಲ್ಲಿ ಅಲಂಕಾರವನ್ನು ಕಲಿಸುತ್ತಿಲ್ಲ. ಅಲಂಕಾರಗಳ ಹೆಸರುಗಳನ್ನು ಕಲಿಸುತ್ತಿದ್ದೇವೆ. ಇವೆರಡರ ನಡುವೆ ಇರುವ ಅಂತರ ಒಂದು ಊರನ್ನು ಕಾಣುವುದಕ್ಕೂ ಊರಿನ ಹೆಸರು ಬರೆದ ಫಲಕವನ್ನು ಕಾಣುವುದಕ್ಕೂ ಇರುವ ಅಂತರ.

ಈ ಲೇಖನಕ್ಕೆ ಒಂದು ನಿಮಿತ್ತವುಂಟು. ಕೆಲವು ದಿನಗಳ ಹಿಂದೆ ಕನ್ನಡ ಅಧ್ಯಾಪಕರು ಸೇರಿದ್ದ ಸಭೆಯೊಂದರಲ್ಲಿ ಪಠ್ಯದ ಚರ್ಚೆ ನಡೆಯಿತು. ಮಕ್ಕಳಿಗೆ ಹಳಗನ್ನಡ ಅರ್ಥವಾಗುವುದಿಲ್ಲ, ಅಲಂಕಾರ ಛಂದಸ್ಸುಗಳಂತೂ ಬರಿಯ ಬಾಯಿಪಾಠ, ಇವನ್ನು ತೆಗೆದುಹಾಕುವುದೇ ಲೇಸು ಎಂದು ಒಬ್ಬರು ವಾದಿಸಿದರು. ಇನ್ನೊಬ್ಬರು ಎದ್ದು, ಹಾಗೆ ಮಾಡಬೇಡಿ, ಮಕ್ಕಳಿಗೆ ಖಚಿತವಾಗಿ ಅಂಕ ದೊರೆಯುವುದು ಅಲ್ಲಿಯೇ ಎಂದರು. ಸಭೆ ಎರಡು ಪಕ್ಷವಾಯಿತು. ಅಲಂಕಾರಕ್ಕೂ ಪದ್ಯದ ಅರ್ಥಕ್ಕೂ ಸಂಬಂಧವಿಲ್ಲವೆಂಬುದರಲ್ಲಿ ಮಾತ್ರ ಎರಡು ಪಕ್ಷಗಳಿಗೂ ಒಮ್ಮತವಿತ್ತು. ಒಬ್ಬರು ಆ ಕಾರಣದಿಂದ ಅದನ್ನು ಬಿಸಾಡಬೇಕೆಂದರು, ಇನ್ನೊಬ್ಬರು ಅದೇ ಕಾರಣದಿಂದ ಉಳಿಸಿಕೊಳ್ಳಬೇಕೆಂದರು. ಇವೆರಡಕ್ಕೂ ನನ್ನ ವಿರೋಧವಿದೆ.

ವಿರೋಧಕ್ಕೆ ಕಾರಣವನ್ನು ಹತ್ತನೆಯ ತರಗತಿಯ ಮಕ್ಕಳು ಓದುತ್ತ ಬಂದಿರುವ ಪ್ರಸಂಗಗಳಿಂದಲೇ ತೋರಿಸಬಹುದು. ಕುಮಾರವ್ಯಾಸನ ಉದ್ಯೋಗಪರ್ವದ ಕೃಷ್ಣ–ಕರ್ಣ ಸಂವಾದವನ್ನು ತೆಗೆದುಕೊಳ್ಳಿ. ಸಂಧಿ ಮುರಿದಿದೆ. ಹಿಂದಿರುಗುವ ಕೃಷ್ಣ ಕರ್ಣನನ್ನು ಮೈದುನನೊಡನೆ ಆಡುವ ಸಲುಗೆಯಿಂದ ಮಾತನಾಡಿಸಿ, ಕೈಹಿಡಿದು ಎಳೆದು, ರಥದಲ್ಲಿ ತನ್ನ ಬಳಿಯಲ್ಲೇ ಕುಳ್ಳಿರಿಸಿಕೊಳ್ಳುತ್ತಾನೆ. ಅವನ ಹುಟ್ಟಿನ ಗುಟ್ಟನ್ನು ಹೇಳಿ ರಾಜ್ಯವನ್ನೇ ಮುಂದಿಡುತ್ತಾನೆ. ಕೇಳಿದ ಕರ್ಣನ ಕೊರಳು ಬಿಗಿಯುತ್ತದೆ, ಕಣ್ಣೀರು ಉಕ್ಕುತ್ತದೆ. ಅವನು ಮರುಗುವುದು ತನಗಾಗಿ ಅಲ್ಲ, ಕೌರವನಿಗೆ ಕೇಡಾಯಿತಲ್ಲ ಎಂದು. ಆಗ ಅವನ ಮನಸ್ಸಿನಲ್ಲಿ ಒಂದು ಮಾತು ಹಾದುಹೋಗುತ್ತದೆ. ಹರಿಯ ಹಗೆ ಹೊಗೆಯನ್ನು ತೋರದೆಯೇ ಸುಡುತ್ತದೆ, ಸುಡದೆ ಸುಮ್ಮನೆ ಹೋಗುವುದಿಲ್ಲ ಎಂಬುದು ಅದರ ಭಾವ.

ಈ ಮಾತಿನಲ್ಲಿ ಬೆಂಕಿ ಎಂಬ ಪದವೇ ಇಲ್ಲ ಎಂಬುದನ್ನು ಗಮನಿಸಬೇಕು. ಹೊಗೆ ಇದೆ, ಅದೂ ‘ಇಲ್ಲ’ ಎಂಬ ರೂಪದಲ್ಲಿ. ಸುಡುವ ಕ್ರಿಯೆ ಇದೆ. ಇವೆರಡರ ನಡುವೆ ಬೆಂಕಿಯನ್ನು ಹೊತ್ತಿಸಿಕೊಳ್ಳಬೇಕಾದವನು ಓದುಗ. ನಾಲ್ಕು ಖಾನೆಯ ಕೋಷ್ಟಕವನ್ನು ಕೈಯಲ್ಲಿ ಹಿಡಿದು ಉಪಮಾನವನ್ನು ಹುಡುಕುವ ಹುಡುಗ ಇಲ್ಲಿ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಅದೂ ಅಲ್ಲದೆ, ನಮ್ಮ ತರ್ಕಶಾಸ್ತ್ರಗಳಲ್ಲಿ, ಜೈನ ನ್ಯಾಯಗ್ರಂಥಗಳೂ ಸೇರಿ, ಅನುಮಾನ ಪ್ರಮಾಣಕ್ಕೆ ಕೊಡುವ ಹಳೆಯ ನಿದರ್ಶನವೆಂದರೆ ಹೊಗೆಯಿಂದ ಬೆಂಕಿಯನ್ನು ಊಹಿಸುವುದು. ಹೊಗೆ ಕಂಡಿದ್ದರೆ ಕರ್ಣ ಮೊದಲೇ ಎಚ್ಚರಗೊಳ್ಳುತ್ತಿದ್ದ. ಕೃಷ್ಣನ ಸಲುಗೆ, ಸವಿಮಾತು, ಪಕ್ಕದಲ್ಲಿ ಕೊಟ್ಟ ಆಸನ ಇವು ಯಾವುದರಲ್ಲೂ ಹಗೆಯ ಹೊಗೆ ಇರಲಿಲ್ಲ. ಹುಟ್ಟಿನ ಸತ್ಯವನ್ನು ತಿಳಿಸುವುದೇ ಕೊಲ್ಲುವ ಬಗೆಯಾಯಿತು. ಇಡೀ ಪ್ರಸಂಗದ ಕರುಣೆ, ಕೃಷ್ಣನ ರಾಜಕಾರಣ, ಕರ್ಣನ ವಿವೇಕ ಇವೆಲ್ಲ ಆ ಒಂದು ರೂಪಕದಲ್ಲಿ ಅಡಗಿವೆ. ಅದನ್ನು ಕಿತ್ತು, ಕೃಷ್ಣನು ಶತ್ರುಗಳನ್ನು ನಾಶಮಾಡುತ್ತಾನೆ ಎಂದು ಬರೆದರೆ ಉಳಿಯುವುದು ಗೈಡಿನ ಸಾರಾಂಶ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಹಲವು ವರ್ಷಗಳ ಹಿಂದೆ, ಯಾವುದೋ ಒಂದು ಪರೀಕ್ಷೆಯ ಮೌಲ್ಯಮಾಪನಕ್ಕೆ ಕುಳಿತಿದ್ದಾಗ, ಇದೇ ಭಾಗವನ್ನು ಕುರಿತ ಉತ್ತರವೊಂದು ನನ್ನ ಕೈಗೆ ಬಂದಿತು. ಬರೆದವರು ಅಲಂಕಾರದ ಹೆಸರನ್ನು ಉಪಮೆ ಎಂದು ತಪ್ಪಾಗಿ ಬರೆದಿದ್ದರು. ಆದರೆ ಅದರ ಕೆಳಗೆ, ಹೊಗೆ ಬಂದಿದ್ದರೆ ಮನೆಯವರು ಓಡಿಹೋಗುತ್ತಿದ್ದರು, ಹೊಗೆ ಬರದ ಬೆಂಕಿಯಾದ್ದರಿಂದ ಕರ್ಣನಿಗೆ ತಿಳಿಯಲಿಲ್ಲ ಎಂದು ತಮ್ಮದೇ ಕನ್ನಡದಲ್ಲಿ ಎರಡು ಸಾಲು ಬರೆದಿದ್ದರು. ಮಾದರಿ ಉತ್ತರದ ಹಾಳೆಯಲ್ಲಿ ಅಂತಹ ಮಾತಿಗೆ ಅಂಕವಿರಲಿಲ್ಲ. ಹೆಸರು ತಪ್ಪಾದ್ದರಿಂದ ನಾನು ಸೊನ್ನೆ ಹಾಕಿದೆ. ಅದರ ಮುಂದಿನ ಉತ್ತರಪತ್ರಿಕೆಯಲ್ಲಿ, ಉಪಮೇಯ ಉಪಮಾನಗಳನ್ನು ಅಭೇದವಾಗಿ ವರ್ಣಿಸಿರುವುದರಿಂದ ಇದು ರೂಪಕಾಲಂಕಾರ ಎಂಬ ಸಿದ್ಧ ವಾಕ್ಯವಿತ್ತು. ಉಪಮೇಯ ಯಾವುದು, ಉಪಮಾನ ಯಾವುದು ಎಂಬುದೂ ಅಲ್ಲಿರಲಿಲ್ಲ. ಅದಕ್ಕೆ ಅಂಕ ಕೊಟ್ಟೆ. ಪದ್ಯವನ್ನು ಓದಿದವರನ್ನು ಸೋಲಿಸಿ, ಓದದವರನ್ನು ಗೆಲ್ಲಿಸಿದ ಆ ದಿನ ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ.

ರನ್ನನ ಗದಾಯುದ್ಧದ ಪ್ರಸಂಗವೂ ಹೀಗೆಯೇ. ಭೀಷ್ಮರ ಮಾತಿನಂತೆ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಲ್ಲಿ ನಿಂತು ಭೀಮ ಗರ್ಜಿಸುತ್ತಾನೆ. ನೀರೊಳಗಿದ್ದರೂ ದುರ್ಯೋಧನ ಬೆವರುತ್ತಾನೆ. ಕನ್ನಡಿಗರಲ್ಲಿ ಬಹುಮಂದಿಗೆ ಬಾಯಿಗೆ ಬರುವ ಪದ್ಯವಿದು. ‘ರವ’ ಎಂಬ ಪದ ಮತ್ತೆ ಮತ್ತೆ ಬರುವುದನ್ನು ತೋರಿಸಿ ಶಬ್ದಾಲಂಕಾರವೆಂದು ಗುರುತು ಹಾಕಿ ನಾವು ಮುಂದಿನ ಪದ್ಯಕ್ಕೆ ಹೋಗುತ್ತೇವೆ. ಆದರೆ ಆ ಧ್ವನಿ ಏಕೆ ಹಾಗೆ ಮರುಕಳಿಸುತ್ತದೆ? ಅದು ಸಿಂಹದ ಗರ್ಜನೆಯನ್ನೂ ಮೋಡದ ಗುಡುಗನ್ನೂ ಮೀರಿದ್ದು ಎಂದು ಕವಿ ಏಕೆ ಹೇಳುತ್ತಾನೆ? ನೀರಿನ ತಳಕ್ಕೆ ಇಳಿಯಬಲ್ಲ ಸದ್ದು ಬೇಕಾಗಿತ್ತು. ಅದನ್ನು ಪದಗಳ ಆವೃತ್ತಿಯಿಂದಲೂ ಉಪಮಾನಗಳನ್ನು ಸೋಲಿಸುವ ವ್ಯತಿರೇಕದಿಂದಲೂ ಕಟ್ಟಿದ ಮೇಲೆಯೇ ಆ ಬೆವರು ನಂಬುವಂತಾಗುತ್ತದೆ.

ಆ ಬೆವರು ಯಾವುದರ ಬೆವರು? ಕೇಳಿದರೆ ತರಗತಿಯಲ್ಲಿ ಹತ್ತರಲ್ಲಿ ಎಂಟು ಜನ ಭಯದ್ದೆನ್ನುತ್ತಾರೆ. ಅಡಗಿದವನು ಬೆವರಿದನೆಂದರೆ ಹೆದರಿದನೆಂದೇ ಲೋಕದ ಲೆಕ್ಕ. ಆದರೆ ರನ್ನ ಅಲ್ಲಿಯೇ ಅವನ ಕಣ್ಣು ಕೋಪದಿಂದ ಕೆಂಪಾಗಿತ್ತೆಂದು ಹೇಳಿಬಿಟ್ಟಿದ್ದಾನೆ. ನೀರಿನ ತಂಪು ಆರಿಸಲಾರದ ರೋಷದ ಬೆವರು ಅದು. ಇನ್ನು, ದುರ್ಯೋಧನನಿಗೆ ಅಷ್ಟೊಂದು ಹೆಸರುಗಳಿರುವಾಗ ಅಲ್ಲಿ ಅವನನ್ನು ‘ಉರಗಪತಾಕ’ ಎಂದು ಕರೆದದ್ದು ಪ್ರಾಸಕ್ಕಾಗಿಯೆ? ಸರ್ಪಧ್ವಜನಾದವನು ಈಗ ಬಿಲ ಸೇರಿದ ಸರ್ಪವೇ ಆಗಿದ್ದಾನೆ. ಕೆಣಕಿದರೆ ಏಳದೆ ಇರಲಾರ. ವಿಶೇಷಣ ಸಾಭಿಪ್ರಾಯವಾದರೆ ಪರಿಕರಾಲಂಕಾರವೆಂದು ಶಾಸ್ತ್ರ ಹೇಳುತ್ತದೆ. ಆ ಹೆಸರು ಗೊತ್ತಿರುವುದು ಒಳ್ಳೆಯದೇ, ಏಕೆಂದರೆ ಅದು ಪ್ರತಿಯೊಂದು ವಿಶೇಷಣದ ಮುಂದೆಯೂ ನಿಂತು ಇದರ ಅಭಿಪ್ರಾಯವೇನೆಂದು ಕೇಳುವುದನ್ನು ಅಭ್ಯಾಸಮಾಡಿಸುತ್ತದೆ. ಹೆಸರಿನ ಪ್ರಯೋಜನ ಇರುವುದು ಅಲ್ಲಿ. ಕೇಳುವುದಕ್ಕೆ ನೆರವಾಗದೆ, ಕೇಳುವುದನ್ನು ನಿಲ್ಲಿಸುವ ಹೆಸರಿನಿಂದ ಏನು ಪ್ರಯೋಜನ?

ಪಂಪನ ದ್ರೋಣ–ದ್ರುಪದ ಪ್ರಸಂಗವನ್ನು ಇದರ ಜೊತೆಗಿಡಬಹುದು. ಬಡತನದಿಂದ ಬೆಂದ ದ್ರೋಣ ಬಾಲ್ಯದ ಗೆಳೆಯನ ಬಾಗಿಲಿಗೆ ಬಂದಿದ್ದಾನೆ. ದೊರೆ ಅವನನ್ನು ಗುರುತಿಸಲು ಒಲ್ಲ. ಆಗ ದ್ರೋಣ, ಸಿರಿಯೆಂಬುದು ಕಳ್ಳಿನ ಒಡಹುಟ್ಟು ಎಂಬುದನ್ನು ನಿನ್ನಲ್ಲಿ ಕಂಡೆನೆನ್ನುತ್ತಾನೆ. ಸಮುದ್ರಮಥನದ ಕಥೆ ತಿಳಿಯದವನಿಗೆ ಇದು ಬರಿಯ ಬೈಗುಳ. ಅದೇ ಕಡಲಿನಿಂದ ಲಕ್ಷ್ಮಿಯೂ ಹುಟ್ಟಿದಳು, ಸುರೆಯೂ ಹುಟ್ಟಿತು. ಕುಡಿದವನು ಎದುರಿಗೆ ನಿಂತವನ ಗುರುತು ಹಿಡಿಯಲಾರ. ಹಾಗಾದರೆ ದ್ರುಪದ ಸುಳ್ಳು ಹೇಳುತ್ತಿದ್ದಾನೆಯೆ, ಇಲ್ಲವೆ ನಿಜವಾಗಿಯೂ ಮರೆತಿದ್ದಾನೆಯೆ? ತಂಗಿಯಾದ ಕಳ್ಳಿನ ಗುಣ ಅಕ್ಕನಾದ ಸಿರಿಗೂ ಬಂದಿದೆಯೆಂದರೆ, ಎರಡೂ ಸಾಧ್ಯ. ಅಧಿಕಾರದ ಮದವನ್ನು ಕುರಿತು ಹತ್ತು ಪುಟದ ಪ್ರಬಂಧ ಹೇಳಲಾರದ್ದನ್ನು ಆ ಒಡಹುಟ್ಟಿನ ಕಲ್ಪನೆ ಹೇಳುತ್ತದೆ. ಇದನ್ನು ಬಿಡಿಸಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗ ಕೂಡ ತಲೆಯೆತ್ತಿ ನಗುವುದನ್ನು ನಾನು ಕಂಡಿದ್ದೇನೆ. ಚುನಾವಣೆಯಲ್ಲಿ ಗೆದ್ದ ಮೇಲೆ ಗುರುತು ಹಿಡಿಯದವರು ಅವನ ಊರಿನಲ್ಲಿಯೂ ಇದ್ದಾರೆ.

ಅಲಂಕಾರಶಾಸ್ತ್ರವೇ ಒಣ ವಿದ್ಯೆ, ಅದರ ಸ್ವಭಾವವೇ ಪಟ್ಟಿ ಮಾಡುವುದು ಎಂಬ ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಶಾಸ್ತ್ರವನ್ನು ಗೈಡುಗಳ ಮೂಲಕ ಮಾತ್ರ ಬಲ್ಲವರು ಹೇಳುವ ಮಾತಿದು. ದಂಡಿ ತನ್ನ ಕಾವ್ಯಾದರ್ಶದಲ್ಲಿ ಉಪಮೆಯನ್ನು ಮೂವತ್ತರಷ್ಟು ಬಗೆಯಾಗಿ ವಿಂಗಡಿಸಿದ. ಸಂಶಯೋಪಮೆ, ಮೋಹೋಪಮೆ, ನಿರ್ಣಯೋಪಮೆ, ನಿಂದೋಪಮೆ, ಪ್ರಶಂಸೋಪಮೆ ಎಂಬ ಹೆಸರುಗಳನ್ನೇ ನೋಡಿ. ಹೋಲಿಸುವವನ ಮನಸ್ಸು ಶಂಕೆಯಲ್ಲಿದೆಯೆ, ಮೋಹದಲ್ಲಿದೆಯೆ, ಹೊಗಳುತ್ತಿದೆಯೆ, ಹಳಿಯುತ್ತಿದೆಯೆ ಎಂಬುದು ಆ ವಿಂಗಡಣೆಯ ಆಧಾರ. ಆ ಮಾರ್ಗವನ್ನೇ ಹಿಡಿದು ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗ ಕನ್ನಡದಲ್ಲಿ ಹೊರಬಂದಿತು. ಅದರ ಮೂರನೆಯ ಪರಿಚ್ಛೇದ ಅರ್ಥಾಲಂಕಾರಗಳಿಗೆ ಮೀಸಲು. ನಮ್ಮ ಪಠ್ಯಗಳಿಗೆ ಉಳಿದು ಬಂದದ್ದು ಪೂರ್ಣೋಪಮೆ ಮತ್ತು ಲುಪ್ತೋಪಮೆ ಎಂಬ ಎರಡೇ. ನಾಲ್ಕು ಅಂಗಗಳೂ ಇದ್ದರೆ ಪೂರ್ಣ, ಒಂದು ಕಡಿಮೆಯಾದರೆ ಲುಪ್ತ. ಮನಸ್ಸನ್ನು ನೋಡುತ್ತಿದ್ದ ವಿಂಗಡಣೆಯನ್ನು ಬಿಟ್ಟೆವು, ಅಂಗಗಳನ್ನು ಎಣಿಸುವ ವಿಂಗಡಣೆಯನ್ನು ಇಟ್ಟುಕೊಂಡೆವು. ಏಕೆಂದರೆ ಎಣಿಕೆಗೆ ಅಂಕ ಕೊಡುವುದು ಸುಲಭ.

ಇನ್ನೂ ಒಂದು ಸಂಗತಿ. ಕವಿರಾಜಮಾರ್ಗಕಾರ ತನ್ನ ಪಟ್ಟಿಯಲ್ಲಿ ‘ಧ್ವನಿ’ಯನ್ನೂ ಒಂದು ಅಲಂಕಾರವೆಂದು ಸೇರಿಸಿಕೊಂಡಿದ್ದಾನೆ. ಕಾಶ್ಮೀರದಲ್ಲಿ ಆನಂದವರ್ಧನನು ಧ್ವನಿಯನ್ನು ಕಾವ್ಯದ ಆತ್ಮವೆಂದು ಪ್ರತಿಪಾದಿಸಿದ್ದೂ ಅದೇ ಶತಮಾನದಲ್ಲಿ. ಮಾರ್ಗಕಾರನ ಉದಾಹರಣೆಯಲ್ಲಿ ಕಮಲದಲ್ಲಿ ಕಾಣಿಸಿಕೊಂಡ ಎರಡು ‘ಅನಿಮಿಷ’ಗಳ ಸೋಜಿಗವಿದೆ. ಅನಿಮಿಷವೆಂದರೆ ಮೀನು, ರೆಪ್ಪೆ ಬಡಿಯದ್ದು ಎಂಬುದು ಆ ಪದದ ಮೂಲಾರ್ಥ. ಕಮಲ ಯಾವುದು, ರೆಪ್ಪೆ ಬಡಿಯದೆ ನೋಡುತ್ತಿರುವ ಆ ಜೋಡಿ ಯಾವುದು ಎಂಬುದನ್ನು ಓದುಗನೇ ಹೊಳೆಯಿಸಿಕೊಳ್ಳಬೇಕು. ನಮಗೆ ದೊರೆತ ಮೊದಲ ಕನ್ನಡ ಗ್ರಂಥ ಮುಖ–ಕಮಲದ ಹೋಲಿಕೆಯನ್ನು ಇಷ್ಟು ಸೂಕ್ಷ್ಮವಾಗಿ ಬಳಸಿರುವಾಗ, ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ನಾವು ಅದೇ ಮುಖ–ಕಮಲವನ್ನು ಕೋಷ್ಟಕಕ್ಕೆ ಇಳಿಸಿದ್ದೇವೆ. ಎರಡನೆಯ ನಾಗವರ್ಮನ ಕಾವ್ಯಾವಲೋಕನ, ಸಾಳ್ವನ ರಸರತ್ನಾಕರ ಮೊದಲಾದವುಗಳ ದೀರ್ಘ ಪರಂಪರೆ ನಮ್ಮದು. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಲ್ಲಿಯೇ ಈ ವಿಚಾರವನ್ನೆಲ್ಲ ತಿಳಿಗನ್ನಡದಲ್ಲಿ ಬಿಡಿಸಿಟ್ಟಿದೆ. ಕೊರತೆ ಇರುವುದು ನಮ್ಮಲ್ಲಿ, ಶಾಸ್ತ್ರದಲ್ಲಿ ಅಲ್ಲ.

ಹೋಲಿಕೆ ಕಾವ್ಯಕ್ಕೆ ತೊಡಿಸಿದ ಒಡವೆ, ಕಳಚಿಟ್ಟರೂ ಮೈ ಹಾಗೆಯೇ ಇರುತ್ತದೆ ಎಂದು ಹೇಳುವವರು ಜನ್ನನ ಯಶೋಧರಚರಿತೆಯನ್ನು ನೆನೆಯಬೇಕು. ಪ್ರಾಣಿಬಲಿಗೆ ಒಪ್ಪದ ಯಶೋಧರ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಅದು ಕೋಳಿಯಲ್ಲ, ಕೋಳಿಯಂತಿರುವುದು. ನಮ್ಮ ವ್ಯಾಕರಣ ಪುಸ್ತಕದ ಪ್ರಕಾರ ಬರಿಯ ಉಪಮಾನ. ಆದರೆ ಕತ್ತಿ ತಾಗಿದಾಗ ಅದು ಕೂಗಿತು. ಸಂಕಲ್ಪ ಮಾತ್ರದಿಂದ ಆದ ಆ ಹಿಂಸೆಗಾಗಿ ತಾಯಿ ಮಗ ಇಬ್ಬರೂ ಭವಭವಗಳಲ್ಲಿ ತೊಳಲಿ, ಕೊನೆಗೆ ನಿಜವಾದ ಕೋಳಿಗಳಾಗಿಯೇ ಹುಟ್ಟಿ ಬಾಣಕ್ಕೆ ಗುರಿಯಾದರು. ಹೋಲಿಕೆ ಮನಸ್ಸಿನಲ್ಲಿ ನಡೆಯುವ ಕರ್ಮ, ಅದಕ್ಕೆ ಫಲವುಂಟು ಎಂಬ ತಿಳಿವಿನ ಮೇಲೆಯೇ ಆ ಕಾವ್ಯ ನಿಂತಿದೆ. ಯಾರನ್ನಾದರೂ ಹುಳುವಿಗೆ, ರೋಗಕ್ಕೆ, ಕಸಕ್ಕೆ ಹೋಲಿಸಿ ಮಾತನಾಡುವ ಭಾಷಣಗಳು ದಿನವೂ ಮಕ್ಕಳ ಕಿವಿಗೆ ಬೀಳುವ ಕಾಲವಿದು. ಆ ಹೋಲಿಕೆ ಏನನ್ನು ಮಾಡಲು ಹೊರಟಿದೆ ಎಂದು ಕೇಳುವ ಶಕ್ತಿಯನ್ನು ಅವರಿಗೆ ಕೊಡಬೇಕಾಗಿದ್ದ ಪಾಠ ಯಾವುದು? ಅಲಂಕಾರದ ಪಾಠವೇ. ಅದನ್ನು ಕೆಲವು ಅಂಕಗಳ ಬಾಯಿಪಾಠವಾಗಿ ಮುಗಿಸುತ್ತಿದ್ದೇವೆ.

ಮಕ್ಕಳಿಗೆ ಇದೆಲ್ಲ ಕಷ್ಟವೆನ್ನುವುದು ಸೋಮಾರಿತನದ ಮಾತು. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನ ಓದದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಕವಿರಾಜಮಾರ್ಗ ಹೆಮ್ಮೆಪಟ್ಟಿತ್ತು. ಅದು ಇಂದಿಗೂ ಸುಳ್ಳಾಗಿಲ್ಲ. ಹೊಟ್ಟೆಕಿಚ್ಚು ಎನ್ನುವ ಅಜ್ಜಿ ಕುಮಾರವ್ಯಾಸನ ಹೊಗೆಯಿಲ್ಲದ ಬೆಂಕಿಯನ್ನು ದಿನವೂ ಬಳಸುತ್ತಾಳೆ. ವ್ಯಾಪಾರದಲ್ಲಿ ಕೈ ಸುಟ್ಟುಕೊಂಡೆ ಎನ್ನುವವನು, ಅವರ ಮನಸ್ಸು ಮುರಿಯಿತು ಎನ್ನುವವಳು ಯಾವ ಲಕ್ಷಣವನ್ನೂ ಬಾಯಿಪಾಠ ಮಾಡಿಲ್ಲ. ಓದದೆ ಬಲ್ಲವರಾಗಿದ್ದ ಜನರ ಮಕ್ಕಳು ಹತ್ತು ವರ್ಷ ಓದಿ ಅದನ್ನು ಮರೆಯುವಂತೆ ಮಾಡಿರುವುದು ನಮ್ಮ ಸಾಧನೆ. ಕುಮಾರವ್ಯಾಸನ ಬಿರುದೇನೆಂದು ಕೇಳಿದರೆ ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂದು ಮಗು ತಕ್ಷಣ ಹೇಳುತ್ತದೆ. ಲಕ್ಷ್ಮೀಶ ‘ಉಪಮಾಲೋಲ’ ಎಂಬುದೂ ಅದಕ್ಕೆ ಗೊತ್ತು. ಆ ಸಾಮ್ರಾಜ್ಯದಲ್ಲಿ ಒಂದು ಊರನ್ನೂ ಅದು ಕಂಡಿರುವುದಿಲ್ಲ.

ಉಳಿದಿರುವ ಆಕ್ಷೇಪ ಮೌಲ್ಯಮಾಪನದ್ದು. ಲಕ್ಷಾಂತರ ಉತ್ತರಪತ್ರಿಕೆಗಳಿಗೆ ಏಕರೂಪದ ಅಳತೆ ಬೇಕೆಂಬುದು ನಿಜ. ಸ್ವಾರಸ್ಯವನ್ನು ಕೇಳುವ ಪ್ರಶ್ನೆಗಳು ಈಗಲೂ ಇವೆಯಲ್ಲ ಎನ್ನುವುದೂ ನಿಜ. ಆದರೆ ಅಲ್ಲಿಯೂ ಏನಾಗಿದೆ? ಕವಿಯು ಈ ಸಂದರ್ಭವನ್ನು ಸ್ವಾರಸ್ಯಪೂರ್ಣವಾಗಿ ವರ್ಣಿಸಿದ್ದಾನೆ ಎಂದು ಬರೆದರೆ ಸ್ವಾರಸ್ಯದ ಅಂಕ ಸಿಗುತ್ತದೆ. ಅಳತೆ ಬೇಕೆಂದರೆ ಪ್ರಶ್ನೆಯನ್ನು ಸರಿಯಾಗಿ ಕೇಳಬೇಕು. ಈ ಮಾತನ್ನು ಯಾರು, ಯಾರಿಗೆ, ಯಾವ ಮನಸ್ಥಿತಿಯಲ್ಲಿ ಹೇಳುತ್ತಾರೆ? ಹೋಲಿಕೆಯಲ್ಲಿ ಹೇಳದೆ ಬಿಟ್ಟದ್ದು ಯಾವುದು? ಇದರ ಬದಲು ಬೇರೊಂದು ಹೋಲಿಕೆಯನ್ನಿಟ್ಟರೆ ಯಾವ ಅರ್ಥ ಕಳೆದುಹೋಗುತ್ತದೆ? ಈ ಮೂರಕ್ಕೆ ಉತ್ತರಿಸಿದ ಮೇಲೆ, ನಾಲ್ಕನೆಯದಾಗಿ, ಅಲಂಕಾರದ ಹೆಸರೇನೆಂದು ಕೇಳೋಣ. ಹೆಸರಿಗೆ ಒಂದಂಶ, ಅರ್ಥಕ್ಕೆ ಮೂರಂಶ. ಹಳಗನ್ನಡ ಪದಗಳ ಅರ್ಥವನ್ನು ಪ್ರಶ್ನೆಪತ್ರಿಕೆಯಲ್ಲಿಯೇ ಕೊಟ್ಟರೆ ಆಕಾಶ ಬೀಳುವುದಿಲ್ಲ. ನಾವು ಪರೀಕ್ಷಿಸಬೇಕಾದದ್ದು ನಿಘಂಟಿನ ನೆನಪನ್ನಲ್ಲ, ಓದುವ ಬಗೆಯನ್ನು. ಇಷ್ಟನ್ನು ಮಾಡಲು ಹೊಸ ಆಯೋಗ ಬೇಕಿಲ್ಲ, ನಾಳೆಯ ತರಗತಿಯಲ್ಲಿಯೇ ಆರಂಭಿಸಬಹುದು.

ಪಂಪನ ಆದಿಪುರಾಣದಲ್ಲಿ ನೀಲಾಂಜನೆಯ ನೃತ್ಯ ನಡೆಯುತ್ತಿರುತ್ತದೆ. ನರ್ತಿಸುತ್ತಿರುವಾಗಲೇ ಅವಳ ಆಯುಷ್ಯ ತೀರುತ್ತದೆ. ರಸಭಂಗವಾಗಬಾರದೆಂದು ಇಂದ್ರ ಅದೇ ರೂಪದ ಇನ್ನೊಬ್ಬಳನ್ನು ಸೃಷ್ಟಿಸಿ ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯುವುದಿಲ್ಲ, ನೃತ್ಯ ಸಾಗಿದೆಯೆಂದೇ ಭಾವಿಸಿ ನೋಡುತ್ತದೆ. ನೀಲಾಂಜನೆ ಹೋದಳೆಂಬುದನ್ನು ಕಂಡವನು ಆದಿದೇವನೊಬ್ಬನೇ. ನಮ್ಮ ಅಲಂಕಾರದ ಪಾಠದಲ್ಲಿಯೂ ಅದೇ ಹೆಸರುಗಳು, ಅದೇ ಲಕ್ಷಣ, ಅದೇ ಸಮನ್ವಯ ಇಂದಿಗೂ ಕುಣಿಯುತ್ತಿವೆ. ಜೀವ ಹೋಗಿ ಬಹಳ ಕಾಲವಾಯಿತು. ಅದನ್ನು ಕಂಡೂ ಕಾಣದಂತೆ ಅಂಕ ಹಾಕುತ್ತ ಕುಳಿತ ಸಭೆಯಲ್ಲಿ ನಾನೂ ಒಬ್ಬನಾಗಿದ್ದೆ. ಕನ್ನಡ ಮೇಷ್ಟ್ರುಗಳಾದ ನಾವು ಇನ್ನಾದರೂ ಅದನ್ನು ಬಾಯಿಬಿಟ್ಟು ಹೇಳಬೇಕು.